ತೋಳಿಲ್ಲದ ಅಂಗಿ

"ನಿಜ ಹೇಳು, ಸಿಗರೇಟು ಸೇದ್ತಿದ್ದೀಯಾ?"

ಫೋನಿನ ಪರದೆಯಲ್ಲಿ ಅಮ್ಮನ ಮುಖ ಹತ್ತಿರ ಬಂತು. ರೈಮುಂದಾ ಕೂತಿದ್ದದ್ದು ಬ್ರೆಜಿಲಿನ ಬೆಲೆಂನಲ್ಲಿ, ಹುರಿದ ಮೀನಿನ ತಟ್ಟೆಯ ಮುಂದೆ. ಮಗಳು ಜಸಿಯಾರಾ ಇದ್ದದ್ದು ಪೋರ್ಚುಗಲ್ಲಿನ ಬ್ರಾಗಾದಲ್ಲಿ, ಕಲ್ಲುಗೋಡೆಯ ಬಾಡಿಗೆ ಮನೆಯಲ್ಲಿ. ಜನವರಿ ತಿಂಗಳು. ಭಾನುವಾರ ಅಮ್ಮನ ಫೋನ್ ಬರುವ ಹೊತ್ತಿಗೆ ಅವಳು ಕೋಟು, ಅದರೊಳಗಿನ ಎರಡು ಸ್ವೆಟರು ಎಲ್ಲ ಕಳಚಿ, ಊರಿಂದ ತಂದಿದ್ದ ತೋಳಿಲ್ಲದ ಹಳದಿ ಅಂಗಿ ತೊಟ್ಟು ಕೂರುತ್ತಿದ್ದಳು. ಗೋಡೆಯ ಕರಿ ಬೂಷ್ಟು ಕಾಣದ ಹಾಗೆ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸುತ್ತಿದ್ದಳು. ಬಾಯಿಂದ ಬರುವ ಉಸಿರಿನ ವಿಷಯ ಮಾತ್ರ ಅವಳಿಗೆ ಹೊಳೆದಿರಲಿಲ್ಲ. ಇವತ್ತಿನ ಚಳಿಗೆ ಅದು ಮಾತು ಮಾತಿಗೂ ಬೆಳ್ಳಗೆ ಸುರುಳಿಯಾಗಿ ಏಳುತ್ತಿತ್ತು.

ಹೊರಡುವ ದಿನ ಅಮ್ಮ ವಿಮಾನ ನಿಲ್ದಾಣದಲ್ಲಿ ಮೊಮ್ಮಗನನ್ನು ಎದೆಗೊತ್ತಿಕೊಂಡು, "ನೀವು ಬೇಕಾದ್ರೆ ಹೋಗಿ ಹೆಣಗಾಡ್ಕೊಳ್ಳಿ, ಕೂಸನ್ನ ನನ್ನ ಹತ್ರ ಬಿಡಿ" ಎಂದು ಹಟ ಹಿಡಿದಿದ್ದಳು. ಅಲ್ಲಿಯ ಮನೆ ಬೆಚ್ಚಗಿದೆ ಎಂದು ಜಸಿಯಾರಾ ಆಣೆ ಹಾಕಿದ ಮೇಲೇ ಕೈ ಸಡಿಲಿಸಿದ್ದು.

"ಹೂಂ," ಎಂದಳು ಜಸಿಯಾರಾ. ಆಣೆ ಸುಳ್ಳೆಂದು ಒಪ್ಪಿಕೊಳ್ಳುವುದಕ್ಕಿಂತ ಆ ಕ್ಷಣಕ್ಕೆ ಅದೇ ಸಣ್ಣ ತಪ್ಪು ಅನ್ನಿಸಿತು. "ಯಾವಾಗಲಾದ್ರೂ ಒಂದು."

"ಅಯ್ಯೋ ನನ್ನ ಕರ್ಮವೇ! ಎದೆಹಾಲು ಕುಡಿಸೋಳು ಕಣೇ ನೀನು! ನಿಮ್ಮಪ್ಪ ಕೆಮ್ಮಿ ಕೆಮ್ಮಿ ಹೋಗಿದ್ದು ಮರೆತುಹೋಯ್ತಾ?"

"ಬಿಡ್ತೀನಮ್ಮ, ನಾಳೆಯಿಂದ."

"ನಾಳೆಯಿಂದಂತೆ! ಈಗ್ಲೇ ಆರ್ಸು. ಎಲ್ಲಿ ಬಚ್ಚಿಟ್ಟಿದ್ದೀಯ? ಕೈ ತೋರ್ಸು!"

ಜಸಿಯಾರಾ ಎರಡೂ ಕೈ ಎತ್ತಿ ತೋರಿಸಿದಳು. ಉಗುರುಗಳು ನೀಲಿಗಟ್ಟಿದ್ದವು. ಸಿಗರೇಟು ಇರಲಿಲ್ಲ, ಹೊಗೆ ಮಾತ್ರ ನಿಲ್ಲಲಿಲ್ಲ. ಅಷ್ಟರಲ್ಲಿ ಬೇಕರಿ ಕೆಲಸ ಮುಗಿಸಿ ಬಂದ ಗಂಡ ಎಡ್ಮಿಲ್ಸನ್ ಅವಳ ಹೆಗಲ ಮೇಲಿಂದ ಇಣುಕಿದ. "ಏನತ್ತೆ, ಊಟ ಆಯ್ತಾ?" ಅವನ ಬಾಯಿಂದ ಹೊರಟದ್ದು ಇನ್ನೂ ದೊಡ್ಡ ಸುರುಳಿ.

"ನೀನೂನಾ! ಗಂಡ ಹೆಂಡ್ತಿ ಇಬ್ರೂ ಸೇರ್ಕೊಂಡು ಆ ಕೂಸನ್ನ..."

ಕೂಸು ಎಂದ ಕೂಡಲೇ, ಪ್ರತಿ ವಾರದಂತೆ ಅಜ್ಜಿಗೆ ತೋರಿಸಲೆಂದು, ಎಡ್ಮಿಲ್ಸನ್ ಮಂಚದಿಂದ ಮಗ ಬೆಂಟೊನನ್ನು ಕಂಬಳಿ ಸಮೇತ ಎತ್ತಿಕೊಂಡು ಬಂದ. ಜಸಿಯಾರಾ ಬೇಡ ಎಂದು ಕಣ್ಸನ್ನೆ ಮಾಡಿದ್ದು ಅವನಿಗೆ ತಿಳಿಯಲಿಲ್ಲ. ನಿದ್ದೆಗೆಟ್ಟ ಕೂಸು ಬಾಯಗಲಿಸಿ ಅತ್ತಿತು. ಒಂದೊಂದು ಅಳುವಿಗೂ ಆ ಪುಟ್ಟ ಬಾಯಿಂದ ಹತ್ತಿಯಂಥ ಬಿಳಿ ಉಂಡೆ ಹೊರಬಂತು.

ರೈಮುಂದಾಳ ಬೈಗುಳ ನಿಂತುಹೋಯಿತು. ಮೀನಿನ ತುಂಡು ಹಿಡಿದಿದ್ದ ಕೈ ತಟ್ಟೆಯಲ್ಲೇ ಉಳಿಯಿತು.

"ಕೂಸಿನ ಬಾಯಿಂದಲೂ ಬರ್ತಿದೆ," ಎಂದಳು ಮೆಲ್ಲಗೆ.

"ಅದು ಹೊಗೆ ಅಲ್ಲಮ್ಮ, ಚಳಿ."

"ಮನೆ ಒಳಗೇನಾ?"

"ಒಳಗಡೆಗಿಂತ ಹೊರಗೇ ವಾಸಿ ಅತ್ತೆ. ಮೈ ಬೆಚ್ಚಗಾಗ್ಬೇಕು ಅಂದ್ರೆ ನಾವು ಬೀದಿಗೆ ಹೋಗ್ತೀವಿ," ಎಂದು ಎಡ್ಮಿಲ್ಸನ್ ನಕ್ಕ. ಬೇರೆ ಯಾರೂ ನಗಲಿಲ್ಲ.

ಜಸಿಯಾರಾ ಕೂಸಿನ ಕಂಬಳಿ ಎಳೆದು ಹೊದಿಸಿದಳು. "ಇವನನ್ನ ಕಳಿಸ್ಬಿಡು ಅಂತ ಮಾತ್ರ ಹೇಳ್ಬೇಡಮ್ಮ. ಅದೊಂದು ಹೇಳ್ಬೇಡ."

ಅಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ಕೋಟು ಇದೆಯಾ?" ಎಂದು ಕೇಳಿದಳು.

"ಇದೆ."

"ಮತ್ತೆ ಹಾಕ್ಕೊಳ್ಳೇ, ಹುಚ್ಚಿ. ನನ್ನ ಮುಂದೆ ಯಾಕೆ ಈ ವೇಷ?"

ಜಸಿಯಾರಾ ಎದ್ದು ಸ್ವೆಟರು, ಕೋಟು ಎಲ್ಲ ಹಾಕಿಕೊಂಡು, ಕೂಸನ್ನು ಕೋಟಿನೊಳಕ್ಕೆ ಸೇರಿಸಿಕೊಂಡು ಬಂದಳು. ಪರದೆಯಲ್ಲಿ ಅಮ್ಮನ ಕುರ್ಚಿ ಖಾಲಿಯಾಗಿತ್ತು. ಎಲ್ಲೋ ಟಕ್ ಎಂದಿತು. ಅಷ್ಟು ಹೊತ್ತೂ ಕೇಳುತ್ತಿದ್ದ ಗುಂಯ್‌ಗುಡುವ ಸದ್ದು ಒಮ್ಮೆಲೇ ನಿಂತಿತು. ರೈಮುಂದಾ ಬಂದು ಕೂತಳು. ಆ ಊರಿನ ನಡುಮಧ್ಯಾಹ್ನದ ಸೆಕೆಗೆ ಅವಳ ಹಣೆಯಿಂದ ಬೆವರು ಕತ್ತಿಗಿಳಿಯತೊಡಗಿತು. ಒರೆಸಿಕೊಳ್ಳದೆ ಮೊಮ್ಮಗನನ್ನೇ ನೋಡುತ್ತಿದ್ದಳು.

"ಫ್ಯಾನ್ ಯಾಕಮ್ಮ ಆರ್ಸಿದೆ?"

"ಇರ್ಲಿ ಬಿಡು," ಎಂದಳು ಅಮ್ಮ. "ಕೂಸಿಗೆ ಗಾಳಿ ತಾಗತ್ತೆ."