ಐವರಿದ್ದರೆ ಮಾತ್ರ ಒಳಗೆ

"ನಾನೂ ಅವರ ಜೊತೆಯವಳೇ," ಎಂದು ಆಕೆ ಟಿಕೆಟ್ ಕಿಟಕಿಯಲ್ಲಿ ಸುಳ್ಳು ಹೇಳಿಬಿಟ್ಟರು. ಬೆರಳು ತೋರಿಸಿದ್ದು ಮರದ ನೆರಳಲ್ಲಿ ನಿಂತಿದ್ದ ನಾಲ್ವರ ಕಡೆಗೆ. ಅವರನ್ನು ಆಕೆ ಹಿಂದೆಂದೂ ಕಂಡಿರಲಿಲ್ಲ.

ಗುಮಾಸ್ತ ಕತ್ತು ಚಾಚಿ ನೋಡಿದ. "ಒಬ್ಬೊಬ್ಬರಾಗಿ ಬರ್ತೀರಲ್ಲಮ್ಮಾ! ಐದನೆಯವರು ಬರಲಿ ಅಂತ ಪಾಪ ಆಗ್ಲಿಂದ ಕಾಯ್ತಾ ಇದಾರೆ. ಹೋಗಿ, ಬೇಗ ಹೋಗಿ."

ಮೃಗಾಲಯದಲ್ಲಿ ಪ್ರಾಣಿಗಳನ್ನು ಮುಟ್ಟಿ ನೋಡುವ ಆವರಣಕ್ಕೆ ಐದು ಮಂದಿ ಸ್ನೇಹಿತರ ಗುಂಪಿಗೆ ಮಾತ್ರ ಪ್ರವೇಶ. ಒಂಟಿಯಾಗಿ ಬಂದವರು ಬೇಲಿಯ ಹೊರಗಿನಿಂದ ನೋಡಬಹುದು. ಗೇಟಿನ ಫಲಕದಲ್ಲಿ ಹಾಗೆಂದು ದಪ್ಪಕ್ಷರದಲ್ಲಿ ಬರೆದಿತ್ತು. ನಿಯಮ ಆಕೆಗೆ ಮೊದಲೇ ಗೊತ್ತಿತ್ತು. ನಾಲ್ವರು ಗೆಳತಿಯರಿಗೆ ಫೋನು ಮಾಡಿದ್ದರು. ಒಬ್ಬಳಿಗೆ ಮಂಡಿನೋವು, ಇನ್ನೊಬ್ಬಳ ಮೊಮ್ಮಗಳಿಗೆ ಪರೀಕ್ಷೆ, ಮತ್ತೊಬ್ಬಳು ಊರಲ್ಲಿಲ್ಲ. ನಾಲ್ಕನೆಯವಳ ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು.

ಆಕೆ ಮೂವತ್ತಾರು ವರ್ಷ ನರ್ಸ್ ಆಗಿದ್ದವರು. ದಿನಕ್ಕೆ ನಲವತ್ತು ಮಂದಿಯ ನಾಡಿ ಹಿಡಿದ ಬೆರಳುಗಳು ನಿವೃತ್ತಿಯಾದ ಮೇಲೆ ಕೆಲಸವಿಲ್ಲದೆ ಕೂತಿದ್ದವು. ಅಂಗಡಿಯವನು ಚಿಲ್ಲರೆ ಕೊಡುವಾಗ ಕೈ ತಾಗಿದರೆ ತಾಗಿತು. ಉಸಿರಾಡುವ ಒಂದು ಜೀವವನ್ನು ಮುಟ್ಟಬೇಕು. ಆಕೆಗೆ ಬೇಕಿದ್ದದ್ದು ಅಷ್ಟೇ. ಸಿಕ್ಕಿಬಿದ್ದರೆ ಅದೂ ಇಲ್ಲ.

ಖಾಕಿ ಅಂಗಿಯ ಪ್ರಾಣಿಪಾಲಕಿ ತೆರೆದ ಗಾಡಿ ತಂದು ನಿಲ್ಲಿಸಿದಳು. "ಎಲ್ಲಾ ಒಂದೇ ಗುಂಪು ತಾನೇ?"

"ಒಂದೇ, ಒಂದೇ!" ಎಂದರು ಆ ನಾಲ್ವರಲ್ಲಿದ್ದ ಬೋಳುತಲೆಯವರು, ಅಗತ್ಯಕ್ಕಿಂತ ಜೋರಾಗಿ. "ಹೋದ ಸಲದ ಥರ ಮಾತ್ರ ಆಗಬಾರದು ನೋಡ್ರಪ್ಪಾ!"

"ಅಯ್ಯೋ, ಅದನ್ನ ನೆನಪಿಸಬೇಡಿ!" ಎಂದು ಹಳದಿ ಕೊಡೆಯ ಹೆಂಗಸು ಕೈಯಾಡಿಸಿದರು. ಎತ್ತರದ ಯುವಕ ನಕ್ಕ. ಕ್ಯಾಮೆರಾ ತೂಗುಹಾಕಿಕೊಂಡ ಹುಡುಗಿಯೂ ನಕ್ಕಳು. ಹೋದ ಸಲ ಏನಾಗಿತ್ತೋ ದೇವರೇ ಬಲ್ಲ. ಆಕೆಯೂ ನಕ್ಕರು, ತುಸು ತಡವಾಗಿ.

ಹಿಂದೆ ಯಾವುದಾದರೂ ಗಾಡಿಯ ಸದ್ದಾದರೆ ಆಕೆ ತಿರುಗಿ ತಿರುಗಿ ನೋಡುತ್ತಿದ್ದರು. ನಿಜವಾದ ಐದನೆಯವರು ಈಗ ಬಂದರೆ? ಆದರೂ ಯಾರೂ ‘ನೀವ್ಯಾರು’ ಎನ್ನಲಿಲ್ಲ. ತನ್ನನ್ನು ಹುಡುಗಿ ಬೋಳುತಲೆಯವರ ಅಕ್ಕ ಎಂದುಕೊಂಡಿರಬೇಕು. ಬೋಳುತಲೆಯವರೋ, ಕೊಡೆಯ ಹೆಂಗಸಿನ ಚಿಕ್ಕಮ್ಮ ಎಂದುಕೊಂಡಿರಬೇಕು. ಹೀಗೆ ಲೆಕ್ಕ ಹಾಕಿ ಆಕೆ ಬಾಯಿ ಮುಚ್ಚಿಕೊಂಡು ಕೂತರು.

ಮೊದಲ ಆವರಣದಲ್ಲಿ ಕೋತಿಯಂಥ ಉಂಗುರಬಾಲದ ಲೀಮರ್‌ಗಳು ಬಿಸಿಲಿಗೆ ಹೊಟ್ಟೆಯೊಡ್ಡಿ, ಎರಡೂ ಕೈ ಅಗಲಿಸಿ ಕೂತಿದ್ದವು. ಒಂದು ಯುವಕನ ಭುಜಕ್ಕೆ ಹಾರಿತು. "ಏಣಿ ಅಂದ್ಕೊಂಡಿದೆ ನಿನ್ನ," ಎಂದರು ಬೋಳುತಲೆಯವರು. ಲೀಮರ್ ಅಲ್ಲಿಂದ ಅವರ ಬೋಳುತಲೆಗೇ ಜಿಗಿಯಿತು. "ಈಗ ಮೈದಾನ ಸಿಕ್ತು ನೋಡಿ," ಎಂದ ಯುವಕ. ಹೇಳಿದ ಮೇಲೆ ಹೆಚ್ಚಾಯಿತೇನೋ ಎಂಬಂತೆ ತುಟಿ ಕಚ್ಚಿಕೊಂಡ. ಬೋಳುತಲೆಯವರು ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಬಿಸಿಲೇರಿತು. ಹಳದಿ ಕೊಡೆ ಯಾವಾಗ ಆಕೆಯ ತಲೆಯ ಮೇಲೂ ಬಂತೋ ತಿಳಿಯಲಿಲ್ಲ. ಕೊಡೆಯೊಡತಿಯ ಒಂದು ಭುಜ ಬಿಸಿಲಲ್ಲೇ ಉಳಿದಿತ್ತು.

ಊಟಕ್ಕೆ ಬೆಂಚಿನ ಮೇಲೆ ಐದು ಪುಟ್ಟ ಡಬ್ಬಿಗಳು ತೆರೆದುಕೊಂಡವು. "ನೀವು ಮೊಟ್ಟೆ ತಿಂತೀರಾ?" ಎಂದು ಬೋಳುತಲೆಯವರು ಕೊಡೆಯ ಹೆಂಗಸನ್ನು ಕೇಳಿದರು. ಇಷ್ಟು ಹಳೆಯ ಸ್ನೇಹದಲ್ಲೂ ಕೇಳಿಯೇ ಬಡಿಸುತ್ತಾರಲ್ಲ, ಎಂಥ ನಯ ಎಂದು ಆಕೆ ಬೆರಗಾದರು. ಜೊತೆಗೇ ಒಳಗೆಲ್ಲೋ ಚುರುಕ್ ಎಂದಿತು. ನಾಳೆ ಇವರು ಮತ್ತೆ ಒಟ್ಟಿಗೆ ಸೇರುತ್ತಾರೆ, ಇಂದಿನದನ್ನು ನೆನೆದು ನಗುತ್ತಾರೆ. ತನಗೆ ನಾಳೆ ಇರುವುದು ತೊಳೆದಿಡಲು ಒಂದು ತಟ್ಟೆ, ಒಂದು ಲೋಟ.

ಕೊನೆಯ ಆವರಣದಲ್ಲಿ ದೈತ್ಯ ಆಮೆ. ವಯಸ್ಸು ನೂರಹತ್ತು. "ಕುತ್ತಿಗೆ ನೇವರಿಸಿ, ನಾಚಿಕೆಯೇ ಇಲ್ಲ ಈ ತಾತನಿಗೆ," ಎಂದಳು ಪಾಲಕಿ. ಮಣ್ಣಿಗೆ ಮಂಡಿಯೂರುವಾಗ ಯುವಕ ಆಕೆಯ ಮೊಣಕೈ ಹಿಡಿದುಕೊಂಡ. ಆಕೆ ಸುಕ್ಕುಗಟ್ಟಿದ ಕುತ್ತಿಗೆಯ ಮೇಲೆ ಬೆರಳಿಟ್ಟರು. ಆಮೆ ನಿಧಾನವಾಗಿ ನಾಲ್ಕೂ ಕಾಲ ಮೇಲೆ ಎದ್ದು, ಕುತ್ತಿಗೆಯನ್ನು ಆದಷ್ಟು ಉದ್ದಕ್ಕೆ ಚಾಚಿ, ಕಣ್ಣು ಮುಚ್ಚಿತು. ಆಕೆಯ ಬೆರಳುಗಳು ಅಭ್ಯಾಸಬಲದಿಂದ ನಾಡಿ ಹುಡುಕುತ್ತಿದ್ದವು. ಕಣ್ಣು ತುಂಬಿ ಬಂತು. ಹುಡುಗಿ ಎತ್ತಿದ ಕ್ಯಾಮೆರಾವನ್ನು ಇಳಿಸಿ, ಎತ್ತಲೋ ನೋಡುತ್ತ ನಿಂತಳು.

ಇನ್ನು ಬಯಲಾದರೂ ಚಿಂತೆಯಿಲ್ಲ ಎಂದುಕೊಂಡರು. ಆದರೆ ಚಿಂತೆಯಿತ್ತು. ಇಡೀ ದಿನ ತನ್ನನ್ನು ತಮ್ಮವಳಂತೆ ನೋಡಿಕೊಂಡವರ ಮುಖ ಬದಲಾಗುವುದನ್ನು ಕಾಣುವ ಧೈರ್ಯ ಆಕೆಗಿರಲಿಲ್ಲ.

ಹೊರಡುವ ಮುನ್ನ ಪಾಲಕಿ ಐವರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದಳು. ನಂತರ ಒಂದು ಹಾಳೆ, ಪೆನ್ನು ಚಾಚಿದಳು. "ಫೋಟೋ ಕೆಳಗೆ ಹೆಸರು ಹಾಕಿಸ್ತೀವಿ. ಅಮ್ಮಾ, ಹಿರಿಯರು ನೀವು, ನಿಮ್ಮ ಸ್ನೇಹಿತರ ಹೆಸರೆಲ್ಲ ಬರೆದುಕೊಡಿ."

"ಕನ್ನಡಕ ತಂದಿಲ್ಲ ಕಣಮ್ಮಾ," ಎಂದರು ಆಕೆ. ಕನ್ನಡಕ ಮೂಗಿನ ಮೇಲೇ ಇತ್ತು. ಯಾರೂ ಅದನ್ನು ಎತ್ತಿ ಆಡಲಿಲ್ಲ.

ಹಾಳೆ ಬೋಳುತಲೆಯವರ ಕೈಗೆ ಹೋಯಿತು. "ನನ್ನದು ಕಾಗೆಕಾಲು ಗುಬ್ಬಿಕಾಲು ಅಕ್ಷರ," ಎಂದು ಅವರು ಪಕ್ಕಕ್ಕೆ ದಾಟಿಸಿದರು. ಕೊಡೆಯ ಹೆಂಗಸಿನ ಕೈ ಒದ್ದೆಯಂತೆ. ಯುವಕ ಪೆನ್ನು ಒದರಿದ, ಬರೆಯುತ್ತಿಲ್ಲ ಎಂದ. ಹಾಳೆ ಹುಡುಗಿಯ ಬಳಿ ನಿಂತಿತು. ಅವಳ ಆಚೆಗೆ ಯಾರೂ ಇರಲಿಲ್ಲ.

ಅವಳು ಪೆನ್ನಿಗೆ ಮುಚ್ಚಳ ಹಾಕಿದಳು. "ದಯವಿಟ್ಟು ಬೈಬೇಡಿ. ನನಗೆ ನಿಮ್ಮಲ್ಲಿ ಒಬ್ಬರ ಹೆಸರೂ ಗೊತ್ತಿಲ್ಲ. ನಾನು ಒಬ್ಬಳೇ ಬಂದಿದ್ದು. ಗೇಟಲ್ಲಿ ಸುಳ್ಳು ಹೇಳಿ ನಿಮ್ಮ ಗುಂಪಿಗೆ ಸೇರ್ಕೊಂಡೆ."

"ನೀನೂನಾ?" ಎಂಬ ಮಾತು ಆಕೆಯ ಬಾಯಿಂದ ಹೊರಬಿತ್ತು, ಅದೇ ಗಳಿಗೆಯಲ್ಲಿ, ಅದೇ ಮಾತು, ಉಳಿದ ಮೂವರ ಬಾಯಿಂದಲೂ.