ಗರಿಷ್ಠ ವಯೋಮಿತಿ ಇಲ್ಲ

ಕತ್ತರಿಗಾಗಿ ಹೊಲಿಗೆ ಯಂತ್ರದ ಡ್ರಾಯರಿಗೆ ಕೈ ಹಾಕಿದ ಗಂಗಾಧರನಿಗೆ ಸಿಕ್ಕಿದ್ದು ನೀಟ್ ಪರೀಕ್ಷೆಯ ಪ್ರಕಟಣೆ. ‘ಗರಿಷ್ಠ ವಯೋಮಿತಿ ಇಲ್ಲ’ ಎಂಬ ಸಾಲಿನ ಕೆಳಗೆ ಕೆಂಪು ಗೆರೆ. ಒಂದಲ್ಲ, ಎರಡು.

ಮಗಳದ್ದಲ್ಲ. ಅವಳು ಬಿ.ಕಾಂ. ಇನ್ನು ಮನೆಯಲ್ಲಿ ಉಳಿದವಳು ಒಬ್ಬಳೇ, ಹೆಂಡತಿ ಶಿವಲೀಲಾ.

ಈಗ ಒಂದೊಂದೇ ನೆನಪಾಯಿತು. ಹದಿನೈದು ದಿನದಿಂದ ಅವಳು ಅಟ್ಟದ ಟ್ರಂಕು ಕೆದಕುತ್ತಿದ್ದಳು. ಗ್ಯಾಸಿನವರಿಗೆ ಬೇಕೆಂದು ಬಿಳಿ ಹಾಳೆಯ ಮೇಲೆ ಅವನ ಸಹಿ ಹಾಕಿಸಿಕೊಂಡಿದ್ದಳು. ಗ್ಯಾಸಂತೆ! ಗಂಡನ ಒಪ್ಪಿಗೆ ಪತ್ರ!

ಗಂಗಾಧರ ಹಿಂದೂಪುರದ ಒಂದು ಜೂನಿಯರ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಅವನ ಶಿಷ್ಯರಲ್ಲಿ ಹನ್ನೊಂದು ಮಂದಿ ಡಾಕ್ಟರಾಗಿದ್ದರು. ಸೀಟು ಸಿಕ್ಕವರು ಮಿಠಾಯಿ ತಂದಾಗಲೆಲ್ಲ, “ನಾನೂ ಆಗ್ಬೇಕಿತ್ತು ಕಣಪ್ಪ, ಮದ್ವೆ ಮಾಡ್ಬುಟ್ರು” ಎಂದು ಅಡುಗೆಮನೆಯ ಕಡೆ ಕಣ್ಣು ಹಾಯಿಸುತ್ತಿದ್ದ. ಇಪ್ಪತ್ತೆರಡು ವರ್ಷದಿಂದ ಶಿವಲೀಲಾ ಆ ಮಾತಿಗೆ ಒಗ್ಗರಣೆಯ ಸದ್ದನ್ನಷ್ಟೇ ಉತ್ತರವಾಗಿ ಕೊಟ್ಟಿದ್ದಳು.

“ಏನೇ ಇದು?” ಎಂದು ಹಾಳೆ ಅವಳ ಮುಂದೆ ಹಿಡಿದ.

ಹೊಲಿಯಲು ಬಂದಿದ್ದ ಶಾಲಾ ಸಮವಸ್ತ್ರಕ್ಕೆ ಗುಂಡಿ ಹಚ್ಚುತ್ತಿದ್ದ ಅವಳು ತಲೆ ಎತ್ತಲಿಲ್ಲ. “ನಲವತ್ತು ದಾಟಿದವ್ರೂ ಬರೀಬೋದಂತೆ.”

“ಬರೀಬೋದು. ಮೀಸೆ ಚಿಗುರದ ಹುಡುಗ್ರ ಪಕ್ಕ ಕೂತ್ಕೊಂಡು, ನಗಾಡಿಸ್ಕೊಂಬೋದು. ಐದೂವರೆ ವರ್ಷ ಈ ಮನೆ ಯಾರು ನಡ್ಸೋರು?”

“ಇನ್ನೊಬ್ರು ಇಲ್ವಾ ಮನೇಲಿ?”

“ಹೆಣ ಕುಯ್ಬೇಕು ಕಣೇ! ಜಿರಳೆ ಕುಯ್ದಂಗಲ್ಲ.”

“ಅದೊಂದೇ ನಂಗೂ ಭಯ,” ಎಂದು ಅವಳು ದಾರ ಕಚ್ಚಿ ಹರಿದಳು.

ಭಾನುವಾರ ಅರ್ಜಿಗೆ ಕೊನೆಯ ದಿನ. ಗಂಗಾಧರ ಏಳುವಷ್ಟರಲ್ಲಿ ಅವಳು ಕಲ್ಯಾಣದುರ್ಗದ ಬಸ್ಸು ಹತ್ತಿಯಾಗಿತ್ತು. ಅಲ್ಲಿ ಅವಳ ತಮ್ಮ ಧರ್ಮೇಂದ್ರನ ನೆಟ್ ಸೆಂಟರ್ ಇತ್ತು. ಇವನೂ ಮುಂದಿನ ಬಸ್ಸು ಹಿಡಿದ.

ದಾರಿಯುದ್ದಕ್ಕೂ ಭಾಷಣ ಸಿದ್ಧ ಮಾಡಿದ. ಪೆನುಕೊಂಡ ದಾಟಿದ ಮೇಲೆ ಭಾಷಣ ನಿಂತು ಹಳೆಯ ಲೆಕ್ಕ ಶುರುವಾಯಿತು. ಪಿಯುಸಿಗೆ ಸಮನಾದ ಇಂಟರ್‌ನಲ್ಲಿ ಇಬ್ಬರದೂ ಒಂದೇ ವಿಷಯ. ಅವಳ ಅಂಕ ಇವನಿಗಿಂತ ಅರವತ್ತು ಜಾಸ್ತಿ. ಅಕಸ್ಮಾತ್ ಪಾಸಾದರೆ? ‘ಡಾಕ್ಟರ್ ಶಿವಲೀಲಾ’ ಎಂಬ ಬೋರ್ಡಿನ ಕೆಳಗೆ ತಾನು ರೋಗಿಗಳಿಗೆ ಟೋಕನ್ ಹಂಚುತ್ತಿರುವ ಚಿತ್ರ ಕಣ್ಣಿಗೆ ಕಟ್ಟಿತು.

ನೆಟ್ ಸೆಂಟರಿನಲ್ಲಿ ಏಳೆಂಟು ಜನ ಕಾಯುತ್ತಿದ್ದರು. ಶಿವಲೀಲಾ ಕಂಪ್ಯೂಟರಿನ ಪಕ್ಕ ಕೂತಿದ್ದಳು. ಪರದೆ ಗೋಡೆಯ ಕಡೆ ತಿರುಗಿತ್ತು.

“ನಿಲ್ಸಲಾ ಧರ್ಮೇಂದ್ರ!” ಎಂದು ಗಂಗಾಧರ ಗುಡುಗಿದ.

“ನಿಲ್ಸೇ ಇವ್ನಿ ಬಾವ. ನೀನು ಹೂಂ ಅಂದ್ರೇನೇ ಒತ್ತೋದು ಅಂತ ಅಕ್ಕ ಕೂತೈತೆ.”

“ಹೌದ್ರೀ,” ಎಂದಳು ಶಿವಲೀಲಾ. “ನಿಮ್ಮ ಬಾಯಲ್ಲಿ ಬರ್ಬೇಕು. ಬ್ಯಾಡ ಅಂದ್ರೆ ಈಗ್ಲೇ ಎದ್ದು ಬತ್ತೀನಿ. ಆಮೇಲೆ ಮನೇಲಿ ಯಾರೂ ಈ ಮಾತೆತ್ತಂಗಿಲ್ಲ.”

ಬೇಡ ಎನ್ನಲು ಗಂಗಾಧರ ಬಾಯಿ ತೆರೆದ. ಅಷ್ಟರಲ್ಲಿ, ಪಿಂಚಣಿ ಕಾಗದ ಹಿಡಿದು ಕೂತಿದ್ದ ಕುಂದುರ್ಪಿಯ ಮುದುಕನೊಬ್ಬ ಪಕ್ಕದವರಿಗೆ, “ನೋಡ್ರಪ್ಪ, ಹೆಂಡ್ತಿ ಅರ್ಜಿಗೆ ಬಸ್ಸತ್ತಿ ಬಂದವ್ನೆ. ಗಂಡ ಅಂದ್ರೆ ಹಿಂಗಿರ್ಬೇಕು” ಎಂದುಬಿಟ್ಟ.

ಏಳೆಂಟು ತಲೆಗಳು ಮೆಚ್ಚುಗೆಯಿಂದ ಇತ್ತ ತಿರುಗಿದವು. ಹೊಗಳಿಕೆಯ ಮುಂದೆ ಗಂಗಾಧರ ಯಾವತ್ತೂ ಗಟ್ಟಿಗನಲ್ಲ. ಗಂಟಲು ಸರಿಮಾಡಿಕೊಂಡ. ಒಂದು ಸಲ ನಪಾಸಾದರೆ ಅವಳಿಗೆ ತಾನಾಗಿಯೇ ಬುದ್ಧಿ ಬರುತ್ತದೆ ಎಂದು ಒಳಗೊಳಗೇ ಸಮಾಧಾನ ಹೇಳಿಕೊಂಡ.

“ಹಾಕು,” ಎಂದ, ಎಲ್ಲರಿಗೂ ಕೇಳುವಂತೆ. “ಓದೋ ಆಸೆಗೆ ಅಡ್ಡ ಬರೋ ಜಾತಿ ಅಲ್ಲ ನಾನು. ಹಾಕಪ್ಪ!”

“ಓಟಿಪಿ ಚೆಪ್ಪು ಬಾವ. ನಿನ್ನ ಫೋನಿಗೆ ಬಂದೈತೆ.”

ಗ್ಯಾಸು, ಬ್ಯಾಂಕು, ಕರೆಂಟು, ಆ ಮನೆಯ ಎಲ್ಲದಕ್ಕೂ ಅವನದೇ ನಂಬರು. ಗಂಗಾಧರ ಕನ್ನಡಕವಿಲ್ಲದೆ ಫೋನನ್ನು ಮಾರುದ್ದ ದೂರ ಹಿಡಿದು, ಆರು ಅಂಕಿಗಳನ್ನು ಹಾಜರಿ ಕೂಗುವಂತೆ ಕೂಗಿದ. ಧರ್ಮೇಂದ್ರ ಒತ್ತಿದ. ಶಿವಲೀಲಾ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಗಂಡನಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟಳು.

ಪ್ರಿಂಟರ್ ಕರಕರನೆ ಉಗುಳಿದ ಹಾಳೆಯ ಬಲ ಮೂಲೆಯಲ್ಲಿ, ಅಭ್ಯರ್ಥಿಯ ಚೌಕದೊಳಗೆ, ಮೀಸೆಯ ಸಮೇತ ಗಂಗಾಧರನೇ ಕೂತಿದ್ದ.