ತುಂಬಿದ ಟವರ್

ಈ ಸಲವೂ ದುಷ್ಯಂತನ ಕರೆ ಹೋಗಲಿಲ್ಲ. ಹೊರಗೆ ಸುಂಟರಗಾಳಿಯ ಸೈರನ್. ಇರ್ವಿಂಗ್ ಪಟ್ಟಣದ ದೇವಸ್ಥಾನದೊಳಗೆ, ಕಿಟಕಿಯಿಲ್ಲದ ಕಾರಿಡಾರಿನಲ್ಲಿ ಸಿಕ್ಕಿಕೊಂಡವರೆಲ್ಲ ಫೋನ್ ಒತ್ತುತ್ತಲೇ ಇದ್ದರು. ದುಷ್ಯಂತನ ಮಗಳು ಪಕ್ಕದೂರು ಯೂಲೆಸ್‌ನ ಮನೆಯಲ್ಲಿ ಒಬ್ಬಳೇ ಇದ್ದಳು. ಟವರ್ ತುಂಬಿದಾಗ ಹೊಸ ಕರೆಗಳನ್ನು ತಡೆಯಬೇಕು, ನಡೆಯುತ್ತಿರುವವನ್ನು ಕಡಿಯಬಾರದು: ಮೊಬೈಲ್ ಕಂಪನಿಗೆ ಈ ನಿಯಮ ಬರೆದುಕೊಟ್ಟವನು ಅವನೇ.

ಪಕ್ಕದ ಅಜ್ಜಿಯೊಬ್ಬರ ಫೋನು ಮಾತ್ರ ನಡೆದೇ ಇತ್ತು. "ಮತ್ತೇನವಾ? ಏನ್ ಉಂಡಿ? ಹೂಂ, ಮತ್ತೇನು?"

ದುಷ್ಯಂತ ರೇಗಿದ. "ಆಂಟಿ, ಸಾಕು ಕಟ್ ಮಾಡಿ! ಬೇರೆಯವರಿಗೂ ಲೈನ್ ಬೇಕು."

ಅಜ್ಜಿ ಫೋನನ್ನು ಸೆರಗಿನಿಂದ ಮುಚ್ಚಿದರು. "ಮೊಮ್ಮಗಳು, ತಮ್ಮಾ. ಒಬ್ಬಾಕೀನ ಬಾತ್‌ರೂಮಿನ್ಯಾಗ ಅಡಗಿ ಕುಂತಾಳ. ಫೋನ್ ಇಟ್ರ ಮತ್ತ ಲೈನ್ ಹತ್ತತೈತೇನು?"

ಅದರ ಉತ್ತರ ಅಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೇ.

"ಇಡ್ಬೇಡೀಮ್ಮ," ಎಂದ ದುಷ್ಯಂತ. "ಏನಾದ್ರೂ ಮಾತಾಡ್ತಾನೇ ಇರಿ."